ಆನ್ಸಿಬಲ್‌ನಿಂದ ಆಕ್ಟಿವ್ ಡೈರೆಕ್ಟರಿ ಗುಂಪಿನ ಸದಸ್ಯರ ಪಟ್ಟಿ ತೆಗೆಯುವುದು: ಹಂತ ಹಂತವಾಗಿ

"ಎಡಿಯಲ್ಲಿ ಒಂದು ಗ್ರೂಪ್ ಇದೆ. ಅದರಲ್ಲಿರೋರಿಗೆ ಮಾತ್ರ ಸರ್ವರ್‌ನಲ್ಲಿ ಅಕೌಂಟ್ ಕೊಡಬೇಕು. ಪ್ಲೇಬುಕ್ಕಿನಿಂದಲೇ ಆ ಪಟ್ಟಿ ತಗೊಳ್ಳೋದು ಹೇಗೆ?" ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. (ಎಡಿ ಎಂದರೆ ಆಕ್ಟಿವ್ ಡೈರೆಕ್ಟರಿ, ಸಂಸ್ಥೆಯ ಯೂಸರ್ ಮತ್ತು ಗುಂಪುಗಳನ್ನೆಲ್ಲ ಇಟ್ಟುಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ. ಪ್ಲೇಬುಕ್ ಎಂದರೆ ಸರ್ವರ್‌ಗಳನ್ನು ಹೊಂದಿಸುವ ಆನ್ಸಿಬಲ್ ಎಂಬ ಟೂಲಿಗೆ ಕೊಡುವ ಕೆಲಸಗಳ ಪಟ್ಟಿ, ಅದರ ಒಂದೊಂದು ಕೆಲಸವೂ ಒಂದು ಟಾಸ್ಕ್.) ಕೇಳುವುದೇನೋ ಒಂದು ಟಾಸ್ಕಿನ ಕೆಲಸ. ಬಂದ ಉತ್ತರವನ್ನು ಎಷ್ಟು ನಂಬಬೇಕು ಅನ್ನುವುದರಲ್ಲೇ ಎಲ್ಲರೂ ಎಡವುವುದು. ಡೈರೆಕ್ಟರಿ ಖಾಲಿ ಪಟ್ಟಿ ಕೊಟ್ಟರೆ ಗುಂಪಿನಲ್ಲಿ ನಿಜಕ್ಕೂ ಯಾರೂ ಇಲ್ಲದಿರಬಹುದು, ಗುಂಪಿನ ಹೆಸರನ್ನು ನೀವು ತಪ್ಪಾಗಿ ಬರೆದಿರಬಹುದು, ಅಥವಾ ನೋಡುವ ಹಕ್ಕು ನಿಮಗೆ ಇಲ್ಲದಿರಬಹುದು. ಮೂರಕ್ಕೂ ಉತ್ತರ ಒಂದೇ ಥರ, ದೋಷ ಸಂದೇಶವೂ ಇರುವುದಿಲ್ಲ. ಆ ಖಾಲಿ ಪಟ್ಟಿಯನ್ನು ನಂಬಿ ಪ್ಲೇಬುಕ್ ಎಲ್ಲ ಸರ್ವರ್‌ಗಳಿಂದ ಎಲ್ಲರನ್ನೂ ಹೊರಹಾಕಿದರೆ, ಸರಿಪಡಿಸಲು ಒಳಹೋಗುವವರೂ ಉಳಿದಿರುವುದಿಲ್ಲ.

ಕೆಳಗಿನ ಹಂತಗಳಲ್ಲಿ ಮಾಡ್ಯೂಲ್ (ಟಾಸ್ಕಿನ ಕೆಲಸ ಮಾಡುವ ಆನ್ಸಿಬಲ್ ತುಣುಕು), ಆಪ್ಷನ್ (ಅದಕ್ಕೆ ಕೊಡುವ ಸೆಟ್ಟಿಂಗ್) ಮತ್ತು ಆಟ್ರಿಬ್ಯೂಟ್ (ಡೈರೆಕ್ಟರಿಯ ನಮೂದಿನಲ್ಲಿರುವ ಒಂದು ಮಾಹಿತಿ) ಇವುಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಫೈಲಿನಲ್ಲಿ ಟೈಪ್ ಮಾಡುವಾಗ ಅವುಗಳ ಮೂಲ ಇಂಗ್ಲಿಷ್ ಕಾಗುಣಿತವನ್ನೇ ಬಳಸಿ.

ಮೊದಲು: ಇದು ನಿಮಗೆ ಬೇಕೇ?

ಸರ್ವರ್‌ಗಳಿಗೆ ಡೊಮೈನ್ ಕಂಟ್ರೋಲರ್ (ಎಡಿ ಓಡುವ ಸರ್ವರ್) ನೇರವಾಗಿ ಸಿಗುವಂತಿದ್ದು, ಜನ ಎಡಿ ಪಾಸ್‌ವರ್ಡಿನಿಂದ ಲಾಗಿನ್ ಆದರೆ ಸಾಕು ಎಂದಾದರೆ, ಇಲ್ಲಿಗೇ ಓದುವುದನ್ನು ನಿಲ್ಲಿಸಿ, ಲಿನಕ್ಸ್ ಲಾಗಿನ್ನನ್ನು ಎಡಿಗೆ ಜೋಡಿಸುವ ಎಸ್‌ಎಸ್‌ಎಸ್‌ಡಿ ಹಾಕಿಕೊಳ್ಳಿ. ಯಾವ ಗುಂಪಿನವರು ಒಳಬರಬಹುದು ಎಂದು ಅದರ ಕಾನ್ಫಿಗ್ ಫೈಲಿನಲ್ಲಿ ಬರೆದರೆ ಮುಗಿಯಿತು. ಯಾರು ಸೇರಿದರು, ಯಾರು ಹೋದರು ಎಂಬುದನ್ನು ಲಾಗಿನ್ ಹೊತ್ತಿನಲ್ಲಿ ಅದೇ ನೋಡಿಕೊಳ್ಳುತ್ತದೆ. ಅಂಥ ಕಡೆ ಪಟ್ಟಿ ತೆಗೆದು ಲೋಕಲ್ ಅಕೌಂಟ್ ಮಾಡುತ್ತಾ ಕೂರುವುದು ಸುಮ್ಮನೆ ತಲೆನೋವು.

ಪ್ಲೇಬುಕ್ಕಿನಿಂದ ಕೇಳಲೇಬೇಕಾಗುವುದು ಬೇರೆ ಸಂದರ್ಭಗಳಲ್ಲಿ. ಡಿಎಂಝಡ್‌ನಲ್ಲಿ, ಅಂದರೆ ಹೊರಗಿನ ಇಂಟರ್ನೆಟ್ಟಿಗೂ ಒಳಗಿನ ನೆಟ್‌ವರ್ಕಿಗೂ ನಡುವಿನ ವಲಯದಲ್ಲಿ ಇರುವ ಸರ್ವರ್‌ಗಳಿಗೆ ಎಡಿ ತಲುಪಲು ಫೈರ್‌ವಾಲ್ ಬಿಡುವುದಿಲ್ಲ. ಮಾನಿಟರಿಂಗ್ ಟೂಲಿಗೆ ಅಲರ್ಟ್ ಹೋಗಬೇಕಾದವರ ಪಟ್ಟಿ ಫೈಲಾಗಿಯೇ ಬೇಕು. ಕೆಲವು ನೆಟ್‌ವರ್ಕ್ ಉಪಕರಣಗಳಿಗೆ ಎಲ್‌ಡ್ಯಾಪ್ (ಕೆಳಗೆ ವಿವರಿಸಿದ್ದೇನೆ) ಗೊತ್ತೇ ಇರುವುದಿಲ್ಲ. ಇಲ್ಲಿ ಡಿಎಂಝಡ್ ಸರ್ವರ್‌ಗಳ ಉದಾಹರಣೆಯನ್ನೇ ಹಿಡಿದು ಹೋಗೋಣ.

ಗೊತ್ತಿರಬೇಕಾದ ಐದು ಪದ

ಎಲ್‌ಡ್ಯಾಪ್ ಎಂದರೆ ಡೈರೆಕ್ಟರಿಯನ್ನು ಕೇಳುವ ಭಾಷೆ. 1993ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಕೆಲಸದಿಂದ ಹೊರಬಂತು. ಆಕ್ಟಿವ್ ಡೈರೆಕ್ಟರಿ ವಿಂಡೋಸ್ 2000ದ ಜೊತೆ ಬಂದಾಗಿನಿಂದ ಇದೇ ಭಾಷೆ ಮಾತಾಡುತ್ತದೆ. ಡಿಎನ್ ಎಂದರೆ ಡೈರೆಕ್ಟರಿಯಲ್ಲಿ ಒಂದು ನಮೂದಿನ ಪೂರ್ತಿ ಹೆಸರು. ಅಂಚೆ ವಿಳಾಸದ ಹಾಗೆ ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತದೆ: ಮೊದಲು ಗುಂಪು, ಆಮೇಲೆ ಅದಿರುವ ವಿಭಾಗ, ಕೊನೆಗೆ ಡೊಮೈನ್. ಬೈಂಡ್ ಎಂದರೆ "ನಾನು ಇಂಥವನು" ಎಂದು ಡೈರೆಕ್ಟರಿಗೆ ಹೇಳಿ ಒಳಹೋಗುವುದು. ಬೇಸ್ ಎಂದರೆ ಹುಡುಕಾಟ ಶುರುವಾಗುವ ಜಾಗ, ಸ್ಕೋಪ್ ಎಂದರೆ ಅಲ್ಲಿಂದ ಎಷ್ಟು ಆಳಕ್ಕೆ ಇಳಿಯಬೇಕು ಎನ್ನುವುದು.

ಹಂತ 1: ಸಾಮಾನು ಹೊಂದಿಸಿಕೊಳ್ಳಿ

ಬೇಕಾಗುವ ಮಾಡ್ಯೂಲ್ ಕಮ್ಯುನಿಟಿ ಜನರಲ್ ಎಂಬ ಕಲೆಕ್ಷನ್ನಿನ (ಮಾಡ್ಯೂಲ್‌ಗಳ ಕಟ್ಟಿನ) ಎಲ್‌ಡ್ಯಾಪ್_ಸರ್ಚ್. ಆನ್ಸಿಬಲ್ ಕೋರ್ ಮಾತ್ರ ಹಾಕಿಕೊಂಡವರಲ್ಲಿ ಈ ಕಲೆಕ್ಷನ್ ಇರುವುದಿಲ್ಲ, ಆನ್ಸಿಬಲ್ ಗ್ಯಾಲಕ್ಸಿಯಿಂದ ತರಿಸಿಕೊಳ್ಳಬೇಕು. ಉತ್ತರವನ್ನು ಪುಟ ಪುಟವಾಗಿ ತರಿಸುವ ಪೇಜ್_ಸೈಜ್ ಆಪ್ಷನ್ ಬೇಕಾಗುತ್ತದೆ, ಹಾಗಾಗಿ ಕಲೆಕ್ಷನ್ 7.1.0 ಅಥವಾ ಅದಕ್ಕಿಂತ ಹೊಸದಿರಲಿ.

ಇದರ ಕೆಳಗೆ ಪೈಥಾನ್-ಎಲ್‌ಡ್ಯಾಪ್ ಎಂಬ ಲೈಬ್ರರಿ ಬೇಕು. ಎಲ್‌ಡ್ಯಾಪ್3 ಎಂಬ ಇನ್ನೊಂದು ಲೈಬ್ರರಿಯೂ ಇದೆ, ಹೆಸರು ನೋಡಿ ಹೊಸದಿರಬೇಕು ಎಂದು ಅದನ್ನು ಹಾಕಿಕೊಂಡು ಪರದಾಡುವವರು ತುಂಬಾ ಮಂದಿ. ಈ ಮಾಡ್ಯೂಲಿಗೆ ಅದು ಉಪಯೋಗವಿಲ್ಲ. ಪೈಥಾನ್-ಎಲ್‌ಡ್ಯಾಪ್ ಅನ್ನು ಪಿಪ್‌ನಿಂದ ಹಾಕಲು ಹೋದರೆ ಜಿಸಿಸಿ, ಓಪನ್‌ಎಲ್‌ಡ್ಯಾಪ್ ಮತ್ತು ಸಾಸ್ಲ್‌ನ ಡೆವಲಪ್‌ಮೆಂಟ್ ಪ್ಯಾಕೇಜುಗಳು ಮೊದಲೇ ಇರಬೇಕು. ಡೆಬಿಯನ್, ಉಬುಂಟು, ರೆಡ್‌ಹ್ಯಾಟ್ ಎಲ್ಲದರಲ್ಲೂ ಪೈಥಾನ್3-ಎಲ್‌ಡ್ಯಾಪ್ ಎಂದು ತಯಾರು ಪ್ಯಾಕೇಜ್ ಸಿಗುತ್ತದೆ, ಅದೇ ಸುಲಭ.

ಆದರೆ ಒಂದು ಗಮನಿಸಿ. ಆನ್ಸಿಬಲ್ ಅನ್ನು ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ ಓಡಿಸುತ್ತಿದ್ದರೆ ಯಾವ ಪೈಥಾನ್ ಟಾಸ್ಕನ್ನು ನಡೆಸುತ್ತದೆ ಎಂಬುದು ಮುಖ್ಯ. ಇನ್ವೆಂಟರಿಯಲ್ಲಿ (ಆನ್ಸಿಬಲ್‌ಗೆ ಕೊಡುವ ಸರ್ವರ್‌ಗಳ ಪಟ್ಟಿಯಲ್ಲಿ) ಲೋಕಲ್‌ಹೋಸ್ಟ್, ಅಂದರೆ ಆನ್ಸಿಬಲ್ ಓಡುವ ಯಂತ್ರವೇ, ಎಂದು ನೀವು ಬರೆಯದಿದ್ದರೆ ಆನ್ಸಿಬಲ್ ತನ್ನದೇ ಪೈಥಾನ್ ಬಳಸುತ್ತದೆ. ಬರೆದಿದ್ದರೆ ಸಿಸ್ಟಮ್ಮಿನ ಪೈಥಾನ್ ಹುಡುಕಿಕೊಂಡು ಹೋಗುತ್ತದೆ. "ಹಾಕಿದ್ದೇನೆ, ಆದರೂ ಲೈಬ್ರರಿ ಸಿಗುತ್ತಿಲ್ಲ ಅನ್ನುತ್ತಿದೆ" ಎಂಬ ದೂರಿನ ಮೂಲ ಹೆಚ್ಚಾಗಿ ಇದೇ.

ಇನ್ನು ಒಂದು ಸರ್ವಿಸ್ ಅಕೌಂಟ್. ಡೊಮೈನಿನ ಸಾಮಾನ್ಯ ಯೂಸರ್ ಆದರೆ ಸಾಕು, ಬರೆಯುವ ಹಕ್ಕು ಯಾವುದೂ ಬೇಡ. ಪಾಸ್‌ವರ್ಡನ್ನು ಆನ್ಸಿಬಲ್ ವಾಲ್ಟಿನಲ್ಲಿ (ಗೂಢಲಿಪಿಯಲ್ಲಿ) ಇಡಿ.

ಹಂತ 2: ಪ್ಲೇಬುಕ್ ಮುಟ್ಟುವ ಮುಂಚೆ ಕಮ್ಯಾಂಡ್ ಲೈನಿನಲ್ಲಿ ಕೇಳಿ

ಎಲ್‌ಡ್ಯಾಪ್‌ಸರ್ಚ್ ಕಮ್ಯಾಂಡ್ ಉಬುಂಟುವಿನಲ್ಲಿ ಎಲ್‌ಡ್ಯಾಪ್-ಯುಟಿಲ್ಸ್ ಪ್ಯಾಕೇಜಿನಲ್ಲೂ ರೆಡ್‌ಹ್ಯಾಟ್‌ನಲ್ಲಿ ಓಪನ್‌ಎಲ್‌ಡ್ಯಾಪ್-ಕ್ಲೈಂಟ್ಸ್‌ನಲ್ಲೂ ಇದೆ. ಪಾಸ್‌ವರ್ಡಿಗೆ ದೊಡ್ಡ ಡಬ್ಲ್ಯೂ ಕೊಡಿ, ಆಗ ಅದು ನಿಮ್ಮನ್ನು ಕೇಳಿ ತೆಗೆದುಕೊಳ್ಳುತ್ತದೆ. ಸಣ್ಣ ಡಬ್ಲ್ಯೂ ಜೊತೆ ಬರೆದರೆ ಪಾಸ್‌ವರ್ಡ್ ಶೆಲ್ ಹಿಸ್ಟರಿಯಲ್ಲಿ ಕೂತುಬಿಡುತ್ತದೆ.

ಪೋರ್ಟ್ 636ರ ಎಲ್‌ಡ್ಯಾಪ್ಸ್ (ಗೂಢಲಿಪಿಯಲ್ಲಿ ಸಾಗುವ ಎಲ್‌ಡ್ಯಾಪ್) ಬಳಸಿ. 389ರಲ್ಲಿ ಗೂಢಲಿಪಿ ಇಲ್ಲದೆ ಪಾಸ್‌ವರ್ಡ್ ಕಳಿಸಿದರೆ ಬಿಗಿ ಮಾಡಿರುವ ಡೊಮೈನ್ ಕಂಟ್ರೋಲರ್‌ಗಳು ಸಂಖ್ಯೆ 8ರ ದೋಷ ಕೊಟ್ಟು ನಿರಾಕರಿಸುತ್ತವೆ. ಸರ್ವರಿನ ಐಪಿ ಕೊಡಬೇಡಿ, ಹೆಸರನ್ನೇ ಕೊಡಿ, ಇಲ್ಲದಿದ್ದರೆ ಸರ್ಟಿಫಿಕೇಟಿನ ಹೆಸರು ತಾಳೆಯಾಗುವುದಿಲ್ಲ. ನಿಮ್ಮ ಸಂಸ್ಥೆಯದ್ದೇ ಸರ್ಟಿಫಿಕೇಟ್ ಅಥಾರಿಟಿ ಇದ್ದರೆ ಅದರ ಫೈಲನ್ನು ಪಡೆದು ಮಾಡ್ಯೂಲಿನ ಸಿಎ_ಪಾತ್ ಆಪ್ಷನ್ನಿಗೆ ಕೊಡಿ. ಸರ್ಟಿಫಿಕೇಟ್ ತಪಾಸಣೆಯನ್ನೇ ಆಫ್ ಮಾಡಿ ಕೆಲಸ ಸಾಗಿಸುವವರಿದ್ದಾರೆ. ಯಾರಿಗೆ ಸರ್ವರಿನೊಳಗೆ ಪ್ರವೇಶ ಎಂದು ತೀರ್ಮಾನಿಸುವ ಪಟ್ಟಿಯನ್ನು ಯಾರು ಕೊಡುತ್ತಿದ್ದಾರೆಂದೇ ನೋಡದೆ ತೆಗೆದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಬೈಂಡ್ ಆಗದಿದ್ದರೆ ದೋಷ 49 ಬರುತ್ತದೆ. ಎಡಿ ಅದರೊಳಗೆ "ಡೇಟಾ" ಎಂದು ಇನ್ನೊಂದು ಸಂಕೇತ ಕೊಡುತ್ತದೆ, ನಿಜವಾದ ಸುಳಿವು ಇರುವುದು ಅಲ್ಲಿ. 52ಇ ಎಂದರೆ ಪಾಸ್‌ವರ್ಡ್ ತಪ್ಪು. 525 ಅಂಥ ಯೂಸರ್ ಇಲ್ಲ. 532 ಪಾಸ್‌ವರ್ಡಿನ ಅವಧಿ ಮುಗಿದಿದೆ. 533 ಅಕೌಂಟ್ ನಿಷ್ಕ್ರಿಯ. 773 ಪಾಸ್‌ವರ್ಡ್ ಬದಲಿಸಲೇಬೇಕು. 775 ಅಕೌಂಟ್ ಲಾಕ್ ಆಗಿದೆ.

ಹಂತ 3: ಫಿಲ್ಟರ್ ಬರೆಯಿರಿ

ಫಿಲ್ಟರ್ ಎಂದರೆ ಯಾವ ನಮೂದುಗಳು ಬೇಕು ಎಂದು ಡೈರೆಕ್ಟರಿಗೆ ಹೇಳುವ ಷರತ್ತುಗಳ ಸಾಲು. ಅದರಲ್ಲಿ ಚಿಹ್ನೆ ಮೊದಲು, ಷರತ್ತುಗಳು ಆಮೇಲೆ. & ಎಂದರೆ ಎಲ್ಲವೂ ಹೊಂದಬೇಕು, ! ಎಂದರೆ ಹೊಂದಬಾರದು. ನಮಗೆ ಬೇಕಾದದ್ದು ಹೀಗೆ, ಓದಲು ಸುಲಭವಾಗಲೆಂದು ಬಿಡಿಸಿ ಬರೆದಿದ್ದೇನೆ. ಫೈಲಿನಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ:

(&
(ಆಬ್ಜೆಕ್ಟ್‌ಕೆಟಗರಿ=ಪರ್ಸನ್)
(ಆಬ್ಜೆಕ್ಟ್‌ಕ್ಲಾಸ್=ಯೂಸರ್)
(ಮೆಂಬರ್‌ಆಫ್:1.2.840.113556.1.4.1941:=ಸಿಎನ್=ಲಿನಕ್ಸ್-ಆಪ್ಸ್,ಒಯು=ಗ್ರೂಪ್ಸ್,ಡಿಸಿ=ಎಕ್ಸಾಂಪಲ್,ಡಿಸಿ=ಕಾಮ್)
(!(ಯೂಸರ್‌ಅಕೌಂಟ್‌ಕಂಟ್ರೋಲ್:1.2.840.113556.1.4.803:=2))
)

ಮೂರನೇ ಷರತ್ತಿನಲ್ಲಿ ಗುಂಪಿನ ಡಿಎನ್ ಇದೆ: ಸಿಎನ್ ಗುಂಪಿನ ಹೆಸರು, ಒಯು ಅದಿರುವ ವಿಭಾಗ, ಡಿಸಿ ಡೊಮೈನಿನ ಭಾಗಗಳು. 1941ರಲ್ಲಿ ಮುಗಿಯುವ ಉದ್ದ ಸಂಖ್ಯೆ "ಗುಂಪಿನೊಳಗಿನ ಗುಂಪಿನವರನ್ನೂ ಸೇರಿಸು" ಎಂದು ಎಡಿಗೆ ಹೇಳುತ್ತದೆ. ಅದಿಲ್ಲದಿದ್ದರೆ ನೇರ ಸದಸ್ಯರು ಮಾತ್ರ ಬರುತ್ತಾರೆ. ದೊಡ್ಡ ಡೊಮೈನಿನಲ್ಲಿ ಇದು ಭಾರದ ಪ್ರಶ್ನೆ, ಒಳಗುಂಪುಗಳಿಲ್ಲದಿದ್ದರೆ ತೆಗೆದುಬಿಡಿ. ಕೊನೆಯ ಸಾಲಿನ 803 ಬಿಟ್ ಪರೀಕ್ಷೆ: 2 ಎಂಬ ಬಿಟ್ ಇದ್ದರೆ ಅಕೌಂಟ್ ನಿಷ್ಕ್ರಿಯವಾಗಿದೆ. ಕೆಲಸ ಬಿಟ್ಟವರ ಅಕೌಂಟನ್ನು ಎಚ್‌ಆರ್ ಹೇಳಿದಂತೆ ನಿಷ್ಕ್ರಿಯ ಮಾಡಿರುತ್ತಾರೆ, ಗುಂಪಿನಿಂದ ತೆಗೆದಿರುವುದಿಲ್ಲ. ಈ ಸಾಲು ಮರೆತರೆ ಅವರಿಗೆಲ್ಲ ಡಿಎಂಝಡ್‌ನಲ್ಲಿ ಹೊಸ ಅಕೌಂಟ್ ಸಿಗುತ್ತದೆ.

ಗುಂಪಿನ ಮೆಂಬರ್ ಆಟ್ರಿಬ್ಯೂಟನ್ನೇ ಓದಿದರಾಗದೇ? ಓದಬಹುದು. ಆದರೆ ಸಿಗುವುದು ಬರೀ ಡಿಎನ್‌ಗಳು, ಒಬ್ಬೊಬ್ಬರ ಲಾಗಿನ್ ಹೆಸರಿಗೆ ಮತ್ತೆ ಕೇಳಬೇಕು. ಜೊತೆಗೆ ಎಡಿ ಒಂದು ಸಲಕ್ಕೆ 1500 ಸದಸ್ಯರನ್ನಷ್ಟೇ ಕೊಡುತ್ತದೆ. ಯೂಸರ್‌ಗಳನ್ನು ಹುಡುಕುವುದೇ ಮೇಲು. ಡೊಮೈನ್ ಯೂಸರ್ಸ್ ಥರದ ಪ್ರೈಮರಿ ಗುಂಪು ಮಾತ್ರ ಮೆಂಬರ್‌ಆಫ್‌ನಲ್ಲಿ ಕಾಣುವುದಿಲ್ಲ. ಓಪನ್‌ಎಲ್‌ಡ್ಯಾಪ್ ಬಳಸುವವರಿಗೆ 1941ರ ಉದ್ದ ಸಂಖ್ಯೆ ಸಿಗುವುದಿಲ್ಲ, ಮೆಂಬರ್‌ಆಫ್ ಬೇಕೆಂದರೂ ಅದರ ಓವರ್‌ಲೇಯನ್ನು ಸರ್ವರಿನಲ್ಲಿ ಹಾಕಿಸಬೇಕು.

ಹೆಸರಿನಲ್ಲಿ ಕಂಸ ಅಥವಾ ಅಲ್ಪವಿರಾಮ ಇದ್ದರೆ ಜೋಪಾನ. ಫಿಲ್ಟರ್‌ನಲ್ಲಿ ತೆರೆಯುವ ಕಂಸಕ್ಕೆ \28, ಮುಚ್ಚುವುದಕ್ಕೆ \29, ನಕ್ಷತ್ರಕ್ಕೆ \2ಎ ಎಂದು ಬರೆಯಬೇಕು. ಅಲ್ಪವಿರಾಮದ್ದು ಇನ್ನೂ ತರಲೆ. "ಆಪ್ಸ್, ಬೆಂಗಳೂರು" ಎಂಬ ಗುಂಪಿನ ಡಿಎನ್‌ನಲ್ಲಿ ಅಲ್ಪವಿರಾಮಕ್ಕೆ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ ಇರುತ್ತದೆ. ಆ ಡಿಎನ್ ಫಿಲ್ಟರಿನೊಳಗೆ ಕೂತಾಗ ಬ್ಯಾಕ್‌ಸ್ಲ್ಯಾಶ್ ಕೂಡ \5ಸಿ ಆಗಬೇಕು. ಅಂದರೆ "ಆಪ್ಸ್\5ಸಿ, ಬೆಂಗಳೂರು". ಇದನ್ನು ಯಾಮ್ಲ್‌ನಲ್ಲಿ (ಪ್ಲೇಬುಕ್ ಬರೆಯುವ ಫೈಲ್ ರೂಪದಲ್ಲಿ) ಜೋಡಿ ಉದ್ಧರಣ ಚಿಹ್ನೆಯಲ್ಲಿಟ್ಟರೆ ಯಾಮ್ಲ್ ಬ್ಯಾಕ್‌ಸ್ಲ್ಯಾಶಿಗೆ ತನ್ನದೇ ಅರ್ಥ ಹಚ್ಚುತ್ತದೆ, ಒಂಟಿ ಚಿಹ್ನೆಯಲ್ಲೇ ಇಡಿ. ಹೊಸ ಗುಂಪು ಮಾಡಿಸುವ ಅವಕಾಶ ಇದ್ದರೆ ಹೆಸರಿನಲ್ಲಿ ಅಕ್ಷರ, ಅಂಕಿ, ಅಡ್ಡಗೆರೆ ಬಿಟ್ಟು ಬೇರೇನೂ ಬೇಡ ಎಂದು ಎಡಿ ತಂಡಕ್ಕೆ ಹೇಳಿ.

ಹಂತ 4: ಎರಡು ಪ್ರಶ್ನೆ ಕೇಳಿ, ಒಂದಲ್ಲ

ಬೇಸ್ ತಪ್ಪಾಗಿ ಬರೆದರೆ ಮಾಡ್ಯೂಲ್ "ಬೇಸ್ ಸಿಗಲಿಲ್ಲ" ಎಂದು ಕೂಗಿ ನಿಲ್ಲುತ್ತದೆ. ಫಿಲ್ಟರಿನೊಳಗಿನ ಗುಂಪಿನ ಡಿಎನ್ ತಪ್ಪಿದ್ದರೆ ಏನೂ ಹೇಳುವುದಿಲ್ಲ! ಅಂಥ ಗುಂಪಿನಲ್ಲಿ ಯಾರೂ ಇಲ್ಲವಲ್ಲ, ಖಾಲಿ ಪಟ್ಟಿ ಕೊಟ್ಟು ಹಸಿರು ಬಣ್ಣದಲ್ಲಿ ಮುಂದೆ ಹೋಗುತ್ತದೆ. ಇವತ್ತು ಸರಿಯಿರುವ ಡಿಎನ್ ನಾಳೆ ತಪ್ಪಾಗಲು ನೀವೇನೂ ಮಾಡಬೇಕಿಲ್ಲ. ಎಡಿ ತಂಡದವರು ಗುಂಪನ್ನು ಒಂದು ಒಯುವಿನಿಂದ, ಅಂದರೆ ಒಂದು ವಿಭಾಗದಿಂದ ಇನ್ನೊಂದಕ್ಕೆ ಎಳೆದು ಹಾಕಿದರೆ ಸಾಕು, ಡಿಎನ್ ಬದಲಾಯಿತು.

ಆದ್ದರಿಂದ ಮೊದಲ ಟಾಸ್ಕಿನಲ್ಲಿ ಗುಂಪಿನ ಡಿಎನ್ ಅನ್ನೇ ಬೇಸ್ ಆಗಿ ಕೊಟ್ಟು, ಸ್ಕೋಪ್ ಬೇಸ್ ಎಂದಿಟ್ಟು, ಮೆಂಬರ್ ಆಟ್ರಿಬ್ಯೂಟ್ ಕೇಳಿ. (ಇಲ್ಲಿ ಡಿಎನ್ ಫಿಲ್ಟರಿನ ಹೊರಗಿದೆ, \5ಸಿ ಬೇಡ.) ಗುಂಪು ಇಲ್ಲದಿದ್ದರೆ ಪ್ಲೇಬುಕ್ ಅಲ್ಲೇ ನಿಲ್ಲುತ್ತದೆ, ನಮಗೆ ಬೇಕಾದದ್ದೂ ಅದೇ. ಎರಡನೇ ಟಾಸ್ಕಿನಲ್ಲಿ ಯೂಸರ್‌ಗಳಿರುವ ಒಯುವನ್ನು ಬೇಸ್ ಮಾಡಿ ಮೇಲಿನ ಫಿಲ್ಟರ್ ಕೊಡಿ.

ಎರಡನೇ ಟಾಸ್ಕಿನ ಸ್ಕೋಪ್ ಚಿಲ್ಡ್ರನ್ ಎಂದಿರಲಿ, ಈ ಮಾಡ್ಯೂಲಿನಲ್ಲಿ ಇಡೀ ಮರ ಹುಡುಕುವುದಕ್ಕೆ ಅದೇ ಹೆಸರು. ಏನೂ ಕೊಡದಿದ್ದರೆ ಬೇಸ್ ಎಂದೇ ಹಿಡಿಯುತ್ತದೆ, ಆಗ ಒಯು ಒಂದನ್ನೇ ನೋಡಿ ಮತ್ತೆ ಖಾಲಿ ಪಟ್ಟಿ. ಪೇಜ್_ಸೈಜ್ 500 ಇರಲಿ, ಏಕೆಂದರೆ ಎಡಿ ಸಾಮಾನ್ಯವಾಗಿ ಒಂದು ಸಲಕ್ಕೆ 1000 ನಮೂದುಗಳಿಗಿಂತ ಹೆಚ್ಚು ಕೊಡುವುದಿಲ್ಲ. ಆಟ್ರಿಬ್ಯೂಟ್‌ಗಳ ಪಟ್ಟಿಯಲ್ಲಿ ಬೇಕಾದದ್ದನ್ನಷ್ಟೇ ಹೆಸರಿಸಿ: ಸ್ಯಾಮ್‌ಅಕೌಂಟ್‌ನೇಮ್, ಡಿಸ್ಪ್ಲೇನೇಮ್, ಮೇಲ್. ಬಿಟ್ಟರೆ ಜನರ ಫೋಟೋ ಸಮೇತ ಎಲ್ಲವೂ ಬರುತ್ತದೆ. ಸರ್ವರ್_ಯುಆರ್‌ಐಯಲ್ಲಿ ಎರಡು ಡೊಮೈನ್ ಕಂಟ್ರೋಲರ್‌ಗಳನ್ನು ಅಲ್ಪವಿರಾಮ ಹಾಕಿ ಕೊಡಬಹುದು, ಒಂದು ರಿಪೇರಿಯಲ್ಲಿದ್ದಾಗ ಇನ್ನೊಂದು ಉತ್ತರಿಸುತ್ತದೆ.

"ಯಶಸ್ವಿ ಬೈಂಡ್ ಆಗಿರಬೇಕು" ಎಂಬ ಅರ್ಥದ ಆಪರೇಷನ್ಸ್ ಎರರ್ ಬಂದರೆ ಎರಡು ಕಡೆ ನೋಡಿ. ಮೊದಲನೆಯದು ಪಾಸ್‌ವರ್ಡ್ ವೇರಿಯಬಲ್ ಖಾಲಿ ಇದೆಯೇ ಎಂದು. ಖಾಲಿ ಪಾಸ್‌ವರ್ಡನ್ನು ಎಡಿ ತಿರಸ್ಕರಿಸದೆ ಅನಾಮಿಕ ಬೈಂಡ್ ಎಂದು ಒಪ್ಪಿಕೊಳ್ಳಬಹುದು, ಹಾಗಾಗಿ ಬೈಂಡ್ ದಾಟಿ ಹುಡುಕಾಟದಲ್ಲಿ ಮುಗ್ಗರಿಸುತ್ತೀರಿ. ಎರಡನೆಯದು ಬೇಸ್ ಇಡೀ ಡೊಮೈನಿನ ಮೂಲವೇ (ರೂಟ್) ಆಗಿದೆಯೇ ಎಂದು. ಆಗ ಎಡಿ "ಇಂಥ ಕಡೆಯೂ ಕೇಳು" ಎಂದು ರೆಫರಲ್ ಕೊಡುತ್ತದೆ, ಕ್ಲೈಂಟ್ ಅಲ್ಲಿಗೆ ಅನಾಮಿಕವಾಗಿ ಹೋಗಿ ಬೈಸಿಕೊಳ್ಳುತ್ತದೆ. ರೆಫರಲ್ಸ್_ಚೇಸಿಂಗ್ ಅನ್ನು ಡಿಸೇಬಲ್ಡ್ ಮಾಡಿ, ಅಥವಾ ಬೇಸನ್ನು ಒಯುವಿಗೆ ಇಳಿಸಿ.

ಹಂತ 5: ಎಲ್ಲಿಂದ, ಎಷ್ಟು ಸಲ

ಹಾಗೇ ಬಿಟ್ಟರೆ ಆನ್ಸಿಬಲ್ ಈ ಟಾಸ್ಕನ್ನು ಪ್ರತಿ ಸರ್ವರಿನ ಮೇಲೂ ನಡೆಸಲು ಹೋಗುತ್ತದೆ. ಡಿಎಂಝಡ್ ಸರ್ವರಿಗೆ ಎಡಿ ಸಿಗದಿರುವುದರಿಂದಲೇ ತಾನೇ ಇಷ್ಟೆಲ್ಲ? ಅದಿರಲಿ, ಸಿಗುವ ಕಡೆಯೂ ಪಾಸ್‌ವರ್ಡ್ ತಪ್ಪಿದ್ದರೆ ಇನ್ನೂರು ಸರ್ವರ್ ಇನ್ನೂರು ಸಲ ತಪ್ಪು ಪಾಸ್‌ವರ್ಡ್ ಹೇಳಿ, ಸರ್ವಿಸ್ ಅಕೌಂಟ್ ಲಾಕ್ ಆಗಿ, ಮೇಲೆ ಹೇಳಿದ 775 ನೋಡುತ್ತಾ ಕೂರುತ್ತೀರಿ.

ಡೆಲಿಗೇಟ್_ಟು ಲೋಕಲ್‌ಹೋಸ್ಟ್, ರನ್_ಒನ್ಸ್ ಟ್ರೂ ಎಂಬ ಜೋಡಿ ಎಲ್ಲ ಕಡೆ ಸಿಗುತ್ತದೆ. ಕೆಲಸವೂ ಮಾಡುತ್ತದೆ. ಆದರೆ ಸೀರಿಯಲ್ ಬಳಸಿ ಸರ್ವರ್‌ಗಳನ್ನು ಕಂತು ಮಾಡಿದ್ದರೆ ಪ್ರತಿ ಕಂತಿಗೂ ಒಮ್ಮೆ ಓಡುತ್ತದೆ, ಫ್ರೀ ಸ್ಟ್ರಾಟಜಿಯಲ್ಲಂತೂ ರನ್_ಒನ್ಸ್ ಲೆಕ್ಕಕ್ಕೇ ಇಲ್ಲ. ಅದಕ್ಕಿಂತ ಕೇಳುವುದಕ್ಕೆಂದೇ ಲೋಕಲ್‌ಹೋಸ್ಟ್ ಮೇಲೆ ಬೇರೆ ಪ್ಲೇ (ಪ್ಲೇಬುಕ್ಕಿನ ಒಂದು ಭಾಗ) ಬರೆಯಿರಿ, ಅದರಲ್ಲಿ ಬಿಕಮ್ ಫಾಲ್ಸ್ ಎಂದು ಸ್ಪಷ್ಟವಾಗಿ ಹಾಕಿ. ಇಲ್ಲದಿದ್ದರೆ ಕಾನ್ಫಿಗ್ ಫೈಲಿನಲ್ಲೆಲ್ಲೋ ಇರುವ ಬಿಕಮ್ ನಿಮ್ಮ ಕಂಟ್ರೋಲ್ ಯಂತ್ರದಲ್ಲೇ ಸುಡೋ (ಅಡ್ಮಿನ್ ಹಕ್ಕು) ಕೇಳುತ್ತದೆ.

ಹಂತ 6: ಉತ್ತರವನ್ನು ಹದ ಮಾಡಿ

ಈ ಮಾಡ್ಯೂಲಿನ ಒಂದು ಸ್ವಭಾವ ತಿಳಿದಿರಲಿ. ಆಟ್ರಿಬ್ಯೂಟಿಗೆ ಒಂದೇ ಮೌಲ್ಯ ಇದ್ದರೆ ಅದನ್ನು ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗಿ ಕೊಡುತ್ತದೆ, ಹೆಚ್ಚಿದ್ದರೆ ಲಿಸ್ಟ್ ಆಗಿ. ಗುಂಪಿನಲ್ಲಿ ಹತ್ತು ಜನ ಇದ್ದಾಗ ಮೆಂಬರ್ ಒಂದು ಲಿಸ್ಟ್, ಅದರ ಉದ್ದ 10. ಒಂಬತ್ತು ಜನ ಬಿಟ್ಟು ಹೋಗಿ ಒಬ್ಬರೇ ಉಳಿದಾಗ ಅದು ಸ್ಟ್ರಿಂಗ್, ಉದ್ದ ಕೇಳಿದರೆ ಡಿಎನ್‌ನಲ್ಲಿ ಎಷ್ಟು ಅಕ್ಷರ ಇದೆಯೋ ಅಷ್ಟು ಹೇಳುತ್ತದೆ. ಟೆಸ್ಟ್ ಮಾಡುವಾಗ ಎಂದೂ ಸಿಕ್ಕದ ತಪ್ಪು ಇದು. ಪರಿಹಾರ ಸರಳ: ಮೌಲ್ಯವನ್ನು ಚೌಕ ಕಂಸದಲ್ಲಿಟ್ಟು ಫ್ಲ್ಯಾಟನ್ ಫಿಲ್ಟರ್ ಹಚ್ಚಿ, ಸ್ಟ್ರಿಂಗ್ ಆಗಲಿ ಲಿಸ್ಟ್ ಆಗಲಿ ಲಿಸ್ಟಾಗಿಯೇ ಬರುತ್ತದೆ. ಆಟ್ರಿಬ್ಯೂಟೇ ಇಲ್ಲದಿರುವವರಿಗೆ ಡಿಫಾಲ್ಟ್ ಖಾಲಿ ಲಿಸ್ಟ್ ಕೊಡಿ. ಮೇಲ್ ಇಲ್ಲದ ಅಕೌಂಟ್‌ಗಳು ಎಲ್ಲ ಕಡೆಯೂ ಇರುತ್ತವೆ.

ಲಾಗಿನ್ ಹೆಸರುಗಳನ್ನು ಲೋಯರ್ ಹಾಕಿ ಸಣ್ಣಕ್ಷರಕ್ಕೆ ತನ್ನಿ, ಎಡಿಗೆ ದೊಡ್ಡ-ಸಣ್ಣ ಭೇದವಿಲ್ಲ, ಲಿನಕ್ಸಿಗೆ ಇದೆ. ಆಮೇಲೆ ಸಾರ್ಟ್ ಮಾಡಿ. ಎಲ್‌ಡ್ಯಾಪ್ ಯಾವ ಕ್ರಮದಲ್ಲಿ ಕೊಡುತ್ತದೆ ಎಂಬ ಭರವಸೆ ಇಲ್ಲ. ಸಾರ್ಟ್ ಮಾಡದಿದ್ದರೆ ಟೆಂಪ್ಲೇಟಿನಿಂದ ಆದ ಫೈಲು ಸುಮ್ಮಸುಮ್ಮನೆ "ಬದಲಾಯಿತು" ಎನ್ನುತ್ತದೆ.

ಹಂತ 7: ನಂಬುವ ಮುನ್ನ ಅಸರ್ಟ್

ಷರತ್ತು ತಪ್ಪಿದರೆ ಪ್ಲೇಬುಕ್ಕನ್ನು ನಿಲ್ಲಿಸುವ ಅಸರ್ಟ್ ಮಾಡ್ಯೂಲಿನಲ್ಲಿ ಈ ಷರತ್ತುಗಳನ್ನಿಡಿ. ಪಟ್ಟಿ ಖಾಲಿ ಇರಬಾರದು. ಯಾವಾಗಲೂ ಇರಲೇಬೇಕಾದ ಒಂದು ಅಕೌಂಟ್ (ತಂಡದ ಮುಖ್ಯಸ್ಥರದ್ದು ಎನ್ನಿ) ಪಟ್ಟಿಯಲ್ಲಿ ಇರಬೇಕು. ಹೋದ ಸಲದ ಪಟ್ಟಿಗಿಂತ ಐದನೇ ಒಂದಕ್ಕಿಂತ ಹೆಚ್ಚು ಜನ ಕಡಿಮೆಯಾಗಿದ್ದರೆ ನಿಲ್ಲಬೇಕು. ಈ ಐದನೇ ಒಂದು ನನ್ನ ಅಂದಾಜು, ಗುಂಪಿನ ಗಾತ್ರ ನೋಡಿ ನೀವೇ ನಿರ್ಧರಿಸಿ. ಹಂತ 4ರ ಮೊದಲ ಪ್ರಶ್ನೆಯ ಉತ್ತರವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಗುಂಪಿಗೆ ಸದಸ್ಯರಿದ್ದಾರೆ, ಆದರೆ ಯೂಸರ್ ಹುಡುಕಾಟದಲ್ಲಿ ಯಾರೂ ಇಲ್ಲ ಎಂದಾದರೆ ಸಾಮಾನ್ಯವಾಗಿ ಬೇಸ್ ತಪ್ಪು ಒಯುವಿನಲ್ಲಿದೆ, ಇಲ್ಲವೇ ಸರ್ವಿಸ್ ಅಕೌಂಟಿಗೆ ಆ ಒಯು ಓದುವ ಹಕ್ಕಿಲ್ಲ.

ಪಾಸಾದ ಪಟ್ಟಿಯನ್ನು ಯಾಮ್ಲ್ ಫೈಲಾಗಿ ಬರೆದು ಗಿಟ್‌ಗೆ ಹಾಕಿ. ಹೋದ ಸಲದ ಪಟ್ಟಿ ಹೋಲಿಸಲು ಸಿಗುವುದು ಇಲ್ಲಿಂದಲೇ. ಸರ್ವರ್‌ಗಳಿಗೆ ಹಚ್ಚುವ ಪ್ಲೇ ಈ ಫೈಲನ್ನು ಮಾತ್ರ ಓದಲಿ. ಯಾರು ಸೇರಿದರು, ಯಾರು ಹೋದರು ಎಂದು ಡಿಫ್‌ನಲ್ಲಿ ಒಂದು ನೋಟಕ್ಕೆ ಕಾಣುತ್ತದೆ, ಆಡಿಟ್‌ನವರು ಕೇಳಿದಾಗ ತೋರಿಸಲೂ ಆಯಿತು. ಎಡಿ ಕೆಳಗೆ ಬಿದ್ದಿದ್ದರೂ ಉಳಿದ ಕಾನ್ಫಿಗರೇಷನ್ ಕೆಲಸ ನಿಲ್ಲುವುದಿಲ್ಲ.

ಹಂತ 8: ತೆಗೆಯುವಾಗ

ಸೇರಿಸುವುದು ಯೂಸರ್ ಮಾಡ್ಯೂಲಿನ ಲೂಪ್, ಅದರಲ್ಲಿ ವಿಶೇಷವೇನಿಲ್ಲ. ತೆಗೆಯುವಾಗ ಮಾತ್ರ "ಪಟ್ಟಿಯಲ್ಲಿಲ್ಲದ ಎಲ್ಲರನ್ನೂ ತೆಗೆ" ಎಂದು ಬರೆಯಬೇಡಿ, ಡೇಟಾಬೇಸ್ ಅಕೌಂಟೂ ಬ್ಯಾಕಪ್ ಅಕೌಂಟೂ ಅದರ ಜೊತೆ ಹೋಗುತ್ತವೆ. ಈ ಪ್ಲೇ ಮಾಡಿದ ಅಕೌಂಟ್‌ಗಳನ್ನೆಲ್ಲ ಒಂದು ಲೋಕಲ್ ಗುಂಪಿಗೆ ಸೇರಿಸಿ, ಆ ಗುಂಪಿನಲ್ಲಿದ್ದು ಪಟ್ಟಿಯಲ್ಲಿಲ್ಲದವರನ್ನು ಮಾತ್ರ ಮುಟ್ಟಿ. ಅಳಿಸುವ ಬದಲು ಅವಧಿ ಮುಗಿಸಿ: ಎಕ್ಸ್‌ಪೈರ್ಸ್‌ಗೆ ಹಳೆಯ ದಿನಾಂಕ ಕೊಟ್ಟರೆ ಆಯಿತು. ಪಾಸ್‌ವರ್ಡ್_ಲಾಕ್ ಒಂದರಿಂದಲೇ ಸಾಲದು, ಎಸ್‌ಎಸ್‌ಎಚ್ ಕೀ ಇರುವವರು ಒಳಗೆ ಬರುತ್ತಲೇ ಇರಬಹುದು.

ಮೊದಲ ಸಲ ಚೆಕ್ ಮೋಡ್‌ನಲ್ಲಿ ಓಡಿಸಿ. ಎಲ್‌ಡ್ಯಾಪ್_ಸರ್ಚ್ ಓದುವ ಮಾಡ್ಯೂಲ್ ಆದ್ದರಿಂದ ಚೆಕ್ ಮೋಡ್‌ನಲ್ಲೂ ನಿಜವಾಗಿಯೇ ಕೇಳುತ್ತದೆ.

ಪಪೆಟ್, ಸಾಲ್ಟ್ ಬಳಸುವವರಿಗೆ

ಇವೆರಡೂ ಆನ್ಸಿಬಲ್ ಥರದ್ದೇ ಟೂಲ್‌ಗಳು. ಫಿಲ್ಟರ್, ಪುಟ, ಖಾಲಿ ಉತ್ತರದ ಮಾತುಗಳೆಲ್ಲ ಅಲ್ಲೂ ಹಾಗೇ. ವ್ಯತ್ಯಾಸ ಇರುವುದು ಯಾರು ಕೇಳುತ್ತಾರೆ ಎನ್ನುವಲ್ಲಿ. ಪಪೆಟ್‌ನಲ್ಲಿ ನೀವು ಬರೆದ ರೂಬಿ ಫಂಕ್ಷನ್ ಓಡುವುದು ಪಪೆಟ್ ಸರ್ವರಿನ ಮೇಲೆ, ಕ್ಯಾಟಲಾಗ್ (ಒಂದು ಯಂತ್ರಕ್ಕೆ ಬೇಕಾದ ಸೆಟ್ಟಿಂಗ್‌ಗಳ ಪಟ್ಟಿ) ಕಟ್ಟುವ ಹೊತ್ತಿನಲ್ಲಿ. ಏಜೆಂಟ್‌ಗಳು ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ಬರುತ್ತವೆ, 200 ಏಜೆಂಟ್ ಇದ್ದರೆ ದಿನಕ್ಕೆ 9600 ಪ್ರಶ್ನೆ. ಎಡಿ ತಡವಾಗಿ ಉತ್ತರಿಸಿದರೆ ಎಲ್ಲ ಕ್ಯಾಟಲಾಗೂ ತಡ. ಸಾಲ್ಟ್‌ನಲ್ಲಿ ಎಲ್‌ಡ್ಯಾಪ್‌ಗೆ ತಯಾರಾದ ಎಕ್ಸ್‌ಟರ್ನಲ್ ಪಿಲ್ಲರ್ (ಹೊರಗಿನಿಂದ ಡೇಟಾ ತರುವ ಭಾಗ) ಇದೆ, ಅದು ಮಾಸ್ಟರ್ ಮೇಲೆ ನಡೆಯುತ್ತದೆ. ಎರಡರಲ್ಲೂ ಕ್ರಾನ್‌ನಿಂದ ಒಂದು ಸಣ್ಣ ಸ್ಕ್ರಿಪ್ಟ್ ಪಟ್ಟಿ ತೆಗೆದು, ಅಸರ್ಟ್ ಥರದ್ದೇ ತಪಾಸಣೆ ಮಾಡಿ ಹೈರಾ (ಪಪೆಟ್‌ನ ಡೇಟಾ) ಅಥವಾ ಪಿಲ್ಲರ್ ಫೈಲಿಗೆ ಬರೆಯಲಿ. ತಪಾಸಣೆ ಫೇಲಾದರೆ ಹಳೆಯ ಫೈಲನ್ನು ಹಾಗೇ ಬಿಟ್ಟು ನಿಮಗೊಂದು ಮೇಲ್ ಕಳಿಸಲಿ.